ಫ್ರೆಂಡ್ ಕಾರು ಓಡಿಸೋಕೆ ಮುಂಚೆ ಇನ್ಶೂರೆನ್ಸ್ ವಿಷಯ ಹೀಗೆ ಚೆಕ್ ಮಾಡ್ಕೊಳ್ಳಿ

ನನ್ನ ಕಾರಿಗೆ ಮಾಡ್ಸಿರೋ ಇನ್ಶೂರೆನ್ಸ್ ನಾನು ಗೆಳೆಯನ ಕಾರು ಓಡಿಸುವಾಗಲೂ ಬರುತ್ತಾ ಅನ್ನೋದು ಪ್ರಶ್ನೆ. ಉತ್ತರ ಮೊದಲೇ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಅಷ್ಟಾದ್ರೂ ಗೊತ್ತಾಗ್ಲಿ. ನಿಮ್ಮ ಕಾರಿಗೆ ನೀವು ಮಾಡ್ಸಿರೋ ಇನ್ಶೂರೆನ್ಸ್, ನೀವು ಬೇರೆಯವರ ಕಾರು ಓಡಿಸುವಾಗ ಕೆಲಸಕ್ಕೆ ಬರಲ್ಲ. ನಮ್ಮ ದೇಶದಲ್ಲಿ ಮೋಟಾರ್ ಪಾಲಿಸಿ ಅಂದ್ರೆ ಗಾಡಿಗೆ ಸೇರಿದ್ದು, ಪಾಲಿಸಿ ತೆಗೆದು ನೋಡಿ, ರಿಜಿಸ್ಟ್ರೇಶನ್ ನಂಬರು, ಎಂಜಿನ್ ನಂಬರು, ಚಾಸಿಸ್ ನಂಬರು ಎಲ್ಲಾ ಅದ್ರಲ್ಲೇ ಇರುತ್ತೆ. ನೀವು ಗೆಳೆಯನ ಕಾರು ತಗೊಂಡು ಹೋದಾಗ ಲೆಕ್ಕಕ್ಕೆ ಬರೋದು ಆ ಕಾರಿನ ಪಾಲಿಸಿ. ನೀವು ನಿಮ್ಮ ಕಾರಿಗೆ ಬಂಪರ್ ಟು ಬಂಪರ್ ಮಾಡ್ಸಿದೀರಾ, ಹತ್ತು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ವಾ, ಅದ್ಯಾವುದೂ ಗೆಳೆಯನ ಕಾರಿಗೆ ಲೆಕ್ಕಕ್ಕಿಲ್ಲ.

ಈ ಗೊಂದಲ ಎಲ್ಲಿಂದ ಬಂತು ಅಂದ್ರೆ ನನ್ನ ಪ್ರಕಾರ ಹೊರದೇಶದ ವಿಡಿಯೋಗಳಿಂದ. ಬ್ರಿಟನ್ನಲ್ಲಿ ಕೆಲವು ಪಾಲಿಸಿಗಳಲ್ಲಿ ಬೇರೆಯವರ ಕಾರು ಓಡಿಸಿದ್ರೂ ಥರ್ಡ್ ಪಾರ್ಟಿ (ಅಂದ್ರೆ ಹೊರಗಿನವರಿಗೆ ಆದ ನಷ್ಟ) ಮಟ್ಟಿಗೆ ಕವರ್ ಕೊಡೋ ಪದ್ಧತಿ ಇದೆ, ಅಮೆರಿಕಾದಲ್ಲಿ ಸಾಮಾನ್ಯವಾಗಿ ಗಾಡಿ ಪಾಲಿಸಿ ಮೊದಲು, ಅದು ಸಾಲದೇ ಬಂದ್ರೆ ಓಡಿಸ್ತಿದ್ದವರ ಪಾಲಿಸಿ ಆಮೇಲೆ. ಅದನ್ನ ನೋಡಿ ಇಲ್ಲೂ ಹಂಗೇ ಇರ್ಬೇಕು ಅಂತ ಅನ್ಕೊಂಡಿರೋರು ತುಂಬಾ ಜನ ಇದಾರೆ. ಇಲ್ಲಿ ಹಂಗಿಲ್ಲ. ಕೆಳಗೆ ಬರ್ದಿರೋದೆಲ್ಲಾ ಭಾರತದ ರೂಲ್ಸ್ ಪ್ರಕಾರ.

ಹಾಗಾದ್ರೆ ಗೆಳೆಯನ ಕಾರು ಮುಟ್ಟೋದೇ ಬೇಡ್ವಾ? ಹಾಗೇನಿಲ್ಲ, ಆ ಕಾರಿನ ಪಾಲಿಸಿ ಸರಿ ಇದ್ರೆ ಬಹುಪಾಲು ವಿಷಯಕ್ಕೆ ಕವರ್ ಇರುತ್ತೆ. ಆದ್ರೆ ಒಂದು ದೊಡ್ಡ ತೂತು ಇದೆ, ಆ ತೂತು ಇರೋದು ಸ್ಟೇರಿಂಗ್ ಹಿಡಿದಿರೋ ನಿಮ್ಮ ವಿಷಯದಲ್ಲೇ. ಅದಕ್ಕೆ 4ನೇ ಸ್ಟೆಪ್ ಮಾತ್ರ ಬಿಡದೆ ಓದಿ.

ಸ್ಟೆಪ್ 1: ಪಾಲಿಸಿ ಪಿಡಿಎಫ್ ಕೇಳಿ, ಬಾಯಿಮಾತು ಬೇಡ

"ಇನ್ಶೂರೆನ್ಸ್ ಎಲ್ಲಾ ಇದೆ ಮಾರಾಯ, ತಗೊಂಡು ಹೋಗು" ಅಂತಾರೆ, ಹೇಳೋರಿಗೇ ಏನಿದೆ ಅಂತ ಗೊತ್ತಿರಲ್ಲ. ವಾಟ್ಸಾಪಲ್ಲಿ ಪಿಡಿಎಫ್ ಕಳ್ಸು ಅನ್ನಿ, ಎರಡು ನಿಮಿಷದ ಕೆಲಸ. ಮೊದಲು ನೋಡ್ಬೇಕಾಗಿದ್ದು ಇದು ಬರೀ ಥರ್ಡ್ ಪಾರ್ಟಿ ಪಾಲಿಸಿನಾ, ಇಲ್ಲಾ ಓನ್ ಡ್ಯಾಮೇಜ್ (ಆ ಕಾರಿಗೇ ಆಗೋ ಹಾನಿ) ಕೂಡ ಸೇರಿರೋ ಪ್ಯಾಕೇಜ್ ಪಾಲಿಸಿನಾ, ನಮ್ಮ ಕಡೆ ಫುಲ್ ಇನ್ಶೂರೆನ್ಸ್ ಅಂತಾರಲ್ಲ ಅದು. ಬರೀ ಥರ್ಡ್ ಪಾರ್ಟಿ ಆಗಿದ್ರೆ ನೀವು ಗುದ್ದಿದ ಎದುರಿನವರಿಗೆ ಆದ ನಷ್ಟ ಮಾತ್ರ ಕಂಪನಿ ಕೊಡುತ್ತೆ, ಗೆಳೆಯನ ಕಾರಿನ ರಿಪೇರಿ ಒಂದು ರೂಪಾಯಿನೂ ಬರಲ್ಲ, ಅದು ನಿಮ್ಮ ಜೇಬಿಂದಾನೇ.

ಇಲ್ಲಿ ಒಂದು ಬಲೆ ಇದೆ, ಗಮನ ಇಟ್ಟು ನೋಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ತಗೊಳ್ಳುವಾಗ 3 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ ಮಾಡಿದಾರೆ, ಬೈಕು ಸ್ಕೂಟರಿಗೆ 5 ವರ್ಷ. ಆದ್ರೆ ಓನ್ ಡ್ಯಾಮೇಜ್ ಒಂದೇ ವರ್ಷಕ್ಕೆ ಕೊಟ್ಟಿರ್ತಾರೆ ಸಾಮಾನ್ಯವಾಗಿ. ಹಾಗಾಗಿ ಎರಡನೇ ವರ್ಷದಲ್ಲಿ ಓನರ್ ಓನ್ ಡ್ಯಾಮೇಜ್ ರಿನ್ಯೂ ಮಾಡೋದು ಮರೆತಿದ್ರೂ ಥರ್ಡ್ ಪಾರ್ಟಿ ಓಡ್ತಾನೇ ಇರುತ್ತೆ, ಪೊಲೀಸ್ ಹಿಡಿದ್ರೂ ತೊಂದರೆ ಇಲ್ಲ, ಎಂ-ಪರಿವಾಹನ್ ಆ್ಯಪಲ್ಲಿ ನೋಡಿದ್ರೂ ಇನ್ಶೂರೆನ್ಸ್ ಇದೆ ಅಂತಾನೇ ಬರುತ್ತೆ, ಎಲ್ಲಾ ಚೆನ್ನಾಗಿದೆ ಅನ್ಕೊಂಡು ತಗೊಂಡು ಹೋಗಿ ಕಂಬಕ್ಕೆ ಹೊಡೆದ್ರೆ ಆಗ ಗೊತ್ತಾಗುತ್ತೆ ಓನ್ ಡ್ಯಾಮೇಜ್ ಯಾವತ್ತೋ ಮುಗಿದಿತ್ತು ಅಂತ. ಪಿಡಿಎಫಲ್ಲಿ ಎರಡಕ್ಕೂ ಬೇರೆ ಬೇರೆ ಡೇಟ್ ಹಾಕಿರ್ತಾರೆ, ಎರಡನ್ನೂ ನೋಡಿ.

ಥರ್ಡ್ ಪಾರ್ಟಿನೂ ಇಲ್ಲ ಅಂದ್ರೆ ಆ ಗಾಡಿ ರೋಡಿಗೇ ಇಳಿಸ್ಬಾರ್ದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಓನರ್‌ನ ಮಾತ್ರ ಕೇಳಲ್ಲ, ಓಡಿಸೋನನ್ನೂ ಕೇಳುತ್ತೆ. ಸಿಕ್ಕಿಬಿದ್ರೆ ಮೊದಲ ಸಲ 2000 ರೂಪಾಯಿ ದಂಡ ಅಥವಾ 3 ತಿಂಗಳ ತನಕ ಜೈಲು ಅಥವಾ ಎರಡೂ, ಮತ್ತೊಂದು ಸಲ ಸಿಕ್ಕಿದ್ರೆ ದಂಡ 4000. ಇದು ಸಣ್ಣ ಮೊತ್ತ ಬಿಡಿ. ಯಾರಿಗಾದ್ರೂ ಪ್ರಾಣಾಪಾಯ ಆದ್ರೆ ಆ್ಯಕ್ಸಿಡೆಂಟ್ ಪರಿಹಾರ ತೀರ್ಮಾನಿಸೋ ಟ್ರಿಬ್ಯೂನಲ್ ಹೇಳೋ ಪರಿಹಾರ ಲಕ್ಷ, ಕೋಟಿ ಲೆಕ್ಕದಲ್ಲಿರುತ್ತೆ, ಅದನ್ನ ನೀವೂ ಓನರೂ ಸೇರಿ ಕಟ್ಬೇಕು. ಇನ್ಶೂರೆನ್ಸ್ ಇದ್ರೆ ಸಾವು, ಗಾಯದ ವಿಷಯದಲ್ಲಿ ಕಂಪನಿ ಕೊಡೋದಕ್ಕೆ ಇಷ್ಟೇ ಅಂತ ಮಿತಿ ಇಲ್ಲ, ಬೇರೆಯವರ ಆಸ್ತಿಗೆ ಹಾನಿ ಆದ್ರೆ ಪ್ರೈವೇಟ್ ಕಾರಿಗೆ ಸಾಮಾನ್ಯವಾಗಿ 7.5 ಲಕ್ಷದ ತನಕ. ಕೆಲವರು ಪ್ರೀಮಿಯಂ ಸ್ವಲ್ಪ ಉಳಿಸೋಕೆ ಅಂತ ಈ 7.5 ಲಕ್ಷನ 6000 ರೂಪಾಯಿಗೆ ಇಳಿಸ್ಕೊಂಡಿರ್ತಾರೆ, ಅದನ್ನೂ ನೋಡ್ಕೊಳ್ಳಿ.

ಸ್ಟೆಪ್ 2: ಡ್ರೈವರ್ ಕ್ಲಾಝ್ ಓದಿ, ಆಮೇಲೆ ನಿಮ್ಮ ಡಿಎಲ್ ತೆಗೆದು ನೋಡಿ

ಪಾಲಿಸಿಲಿ ಡ್ರೈವರ್ ಕ್ಲಾಝ್ (ಯಾರು ಓಡಿಸ್ಬೋದು ಅನ್ನೋ ಷರತ್ತು) ಅಂತ ನಾಲ್ಕು ಸಾಲು ಇರುತ್ತೆ. ಪ್ರೈವೇಟ್ ಕಾರಿನ ಪಾಲಿಸಿಗಳಲ್ಲಿ ಅದರ ಸಾರಾಂಶ ಇಷ್ಟೇ, ಓನರ್ ಸೇರಿ ಯಾರು ಬೇಕಾದ್ರೂ ಓಡಿಸ್ಬೋದು, ಆದ್ರೆ ಆ್ಯಕ್ಸಿಡೆಂಟ್ ಆದ ಹೊತ್ತಲ್ಲಿ ಅವರ ಹತ್ರ ಚಾಲ್ತಿಯಲ್ಲಿರೋ ಲೈಸೆನ್ಸ್ ಇರ್ಬೇಕು, ಲೈಸೆನ್ಸ್ ರದ್ದಾಗಿರ್ಬಾರ್ದು. ಅಂದ್ರೆ ನಿಮ್ಮ ಹೆಸರು ಪಾಲಿಸಿಲಿ ಸೇರಿಸ್ಬೇಕು, ಕಂಪನಿಗೆ ಮೊದಲೇ ಹೇಳ್ಬೇಕು ಅಂತೆಲ್ಲಾ ಇಲ್ಲ. ಎಲ್ಲಾ ನಿಂತಿರೋದು ಡಿಎಲ್ ಮೇಲೆ.

ಡಿಎಲ್ ಇದೆ ಅಂದ್ರೆ ಸಾಲ್ದು, ಅದು ಮುಗಿದಿದೆಯಾ ನೋಡಿ. 2019ರ ತಿದ್ದುಪಡಿ ಆದ್ಮೇಲೆ ಪ್ರೈವೇಟ್ ಗಾಡಿ ಲೈಸೆನ್ಸಿನ ಅವಧಿ ವಯಸ್ಸಿನ ಮೇಲೆ ಹೋಗುತ್ತೆ, 30 ಆಗೋಕೆ ಮುಂಚೆ ತಗೊಂಡ್ರೆ 40 ಆಗೋ ತನಕ, 30ರಿಂದ 50ರ ಒಳಗಿದ್ರೆ 10 ವರ್ಷ, 55 ದಾಟಿದವರಿಗೆ ಐದೈದೇ ವರ್ಷ. ಹಳೇ 20 ವರ್ಷದ ಲೆಕ್ಕ ತಲೇಲಿಟ್ಕೊಂಡಿರೋ ಅಪ್ಪಂದಿರು, ಮಾವಂದಿರು ತುಂಬಾ ಜನ ಮುಗಿದಿರೋ ಡಿಎಲ್ ಇಟ್ಕೊಂಡೇ ಓಡಾಡ್ತಿರ್ತಾರೆ.

ಯಾವ ಥರದ ಗಾಡಿಗೆ ಅಂತ ಡಿಎಲ್ಲಲ್ಲಿರೋ ಕ್ಲಾಸೂ ನೋಡಿ. ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಇಟ್ಕೊಂಡು ಗೆಳೆಯನ ಗೇರ್ ಬೈಕ್ ಓಡಿಸೋದು ತುಂಬಾ ಕಾಮನ್ನು, ಅಲ್ಲಿ ಓನ್ ಡ್ಯಾಮೇಜ್ ಕ್ಲೇಮ್ ರಿಜೆಕ್ಟ್ ಮಾಡೋಕೆ ಕಂಪನಿಗೆ ಕಾರಣ ಸಿಕ್ಕಂಗೆ. ಕಾರಿನ ವಿಷಯದಲ್ಲಿ ಸ್ವಲ್ಪ ಸಮಾಧಾನ ಇದೆ, ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದೋರು 7500 ಕೆಜಿ ಮೀರದ ಯೆಲ್ಲೋ ಬೋರ್ಡ್ ಗಾಡಿನೂ ಓಡಿಸ್ಬೋದು, ಅದಕ್ಕೆ ಲೈಸೆನ್ಸಲ್ಲಿ ಬೇರೆ ನಮೂದು (ಎಂಡಾರ್ಸ್‌ಮೆಂಟ್) ಬೇಡ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು, 2024ರ ನವೆಂಬರಲ್ಲಿ ಐದು ಜಡ್ಜುಗಳ ಪೀಠ ಅದನ್ನೇ ಎತ್ತಿಹಿಡೀತು.

ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಇರೋರು? ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಲೈಸೆನ್ಸ್ ಇರೋರು ಬ್ರೇಕಿಗೆ ಕೈಕಾಲು ಎಟುಕೋ ಹಾಗೆ ಕೂತಿದ್ರೆ ಕವರ್ ಇದೆ. ಒಬ್ರೇ ತಗೊಂಡು ಹೋದ್ರೆ ಇಲ್ಲ.

ಈಗ ಲೈಸೆನ್ಸ್ ಇಲ್ದೋನು ಓಡಿಸಿ ಯಾರಿಗೋ ಗುದ್ದಿದ ಅನ್ಕೊಳ್ಳಿ. ಗಾಯ ಆದವರಿಗೆ ಕಂಪನಿ ದುಡ್ಡು ಕೊಡಲ್ವಾ? ಎಷ್ಟೋ ಕೇಸುಗಳಲ್ಲಿ ಕೋರ್ಟು ಕಂಪನಿಗೆ ನೀನು ಮೊದಲು ಅವರಿಗೆ ಕೊಡು, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೋ ಅಂತ ಹೇಳುತ್ತೆ, 2004ರ ಸುಪ್ರೀಂ ಕೋರ್ಟ್ ತೀರ್ಪಿಂದ ಈ ದಾರಿ ಗಟ್ಟಿಯಾಗಿದೆ. ಗಮನಿಸಿ, ವಸೂಲಿ ಓನರ್ ಹತ್ರ. ಕಾರು ಕೊಟ್ಟ ಪಾಪಕ್ಕೆ ಮನೆ ಬಾಗಿಲಿಗೆ ನೋಟಿಸ್ ಬರೋದು ಅವನಿಗೆ. ಅದಕ್ಕೆ ಕಾರು ಕೊಡೋರು ನಾಚಿಕೆ ಬಿಟ್ಟು ಡಿಎಲ್ ತೋರ್ಸು ಅಂತ ಕೇಳ್ಬೇಕು, ಕೇಳಿದ್ರೆ ತಪ್ಪು ತಿಳ್ಕೊಳ್ಳೋ ಗೆಳೆಯನಿಗೆ ಕಾರು ಕೊಡದೇ ಇರೋದೇ ವಾಸಿ.

18 ತುಂಬದ ಹುಡುಗರಿಗೆ ಕೀ ಕೊಡೋ ಚಿಕ್ಕಪ್ಪಂದಿರಿಗೆ ಒಂದೇ ಮಾತು, ಸೆಕ್ಷನ್ 199ಎ. ಓನರ್‌ಗೆ 3 ವರ್ಷದ ತನಕ ಜೈಲು, 25,000 ದಂಡ, ಗಾಡಿ ರಿಜಿಸ್ಟ್ರೇಶನ್ 12 ತಿಂಗಳು ಕ್ಯಾನ್ಸಲ್, ಆ ಹುಡುಗನಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಸಿಗಲ್ಲ.

ಸ್ಟೆಪ್ 3: ಯಾವ ಕೆಲಸಕ್ಕೆ ತಗೊಂಡು ಹೋಗ್ತಿದೀರಾ, ಆರ್‌ಸಿ ಯಾರ ಹೆಸರಲ್ಲಿದೆ

ವೈಟ್ ಬೋರ್ಡ್ ಕಾರಿನ ಪಾಲಿಸಿಲಿ ಬಾಡಿಗೆಗೆ ಓಡಿಸೋದು, ಸರಕು ಸಾಗಿಸೋದು, ರೇಸು ಇದ್ಯಾವುದಕ್ಕೂ ಕವರ್ ಇಲ್ಲ. ಗೆಳೆಯನ ಕಾರು ತಗೊಂಡು ಪೆಟ್ರೋಲ್ ತುಂಬಿಸಿ ವಾಪಸ್ ಕೊಡೋದು ಬೇರೆ ವಿಷಯ, ದಿನಕ್ಕೆ ಇಷ್ಟು ಅಂತ ಮಾತಾಡಿ ಗೂಗಲ್ ಪೇ ಮಾಡೋದು ಬೇರೆ ವಿಷಯ. ಎರಡನೇದು ಬಾಡಿಗೆ. ಈಗ ಬಹಳ ಊರಲ್ಲಿ ವೈಟ್ ಬೋರ್ಡ್ ಕಾರನ್ನೇ ಸೆಲ್ಫ್ ಡ್ರೈವ್ ಅಂತ ಕೊಡ್ತಿರ್ತಾರೆ, ಬೆಲೆ ಕಮ್ಮಿ ಅಂತ ಜನ ತಗೋತಾರೆ, ಕಾನೂನು ಪ್ರಕಾರ ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರ್ಬೇಕು. ಬಿಳಿ ಬೋರ್ಡ್ ಕಂಡ್ರೆ ಇನ್ಶೂರೆನ್ಸ್ ನಂಬ್ಕೋಬೇಡಿ. ನೇಪಾಳ, ಭೂತಾನ್ ಟ್ರಿಪ್ ಹೊರಟಿದ್ರೆ ಪಾಲಿಸಿ ಭಾರತದೊಳಗೆ ಮಾತ್ರ, ಗಡಿ ದಾಟೋಕೆ ಎಕ್ಸ್‌ಟೆನ್ಶನ್ ಓನರೇ ಮೊದಲು ಮಾಡ್ಸಿರ್ಬೇಕು.

ಕುಡಿದು ಓಡಿಸಿದ್ರೆ ಓನ್ ಡ್ಯಾಮೇಜ್ ಇಲ್ಲ, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕಾನೂನು ಪ್ರಕಾರ ಕುಡಿದಂಗೇ. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ.

ಇನ್ನು ಆರ್‌ಸಿ. ಗೆಳೆಯ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಇನ್ನೂ ಟ್ರಾನ್ಸ್‌ಫರ್ ಮಾಡಿಸ್ಕೊಂಡಿಲ್ಲ, ಅಥವಾ ಆರ್‌ಸಿ ಹೆಸರಿಗೆ ಆಗಿದೆ ಆದ್ರೆ ಪಾಲಿಸಿ ಇನ್ನೂ ಹಳೇ ಓನರ್ ಹೆಸರಲ್ಲೇ ಇದೆ ಅಂದ್ರೆ ಆ ಕಾರು ಕೇಳಿ ತಗೋಬೇಡಿ. ಕಾರು ಮಾರಿದಾಗ ಥರ್ಡ್ ಪಾರ್ಟಿ ಕವರ್ ತಾನಾಗೇ ಹೊಸಬರಿಗೆ ಹೋಗುತ್ತೆ, ಓನ್ ಡ್ಯಾಮೇಜ್ ಹೋಗಲ್ಲ, ಹೊಸ ಓನರ್ 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಿ ಪಾಲಿಸಿ ಹೆಸರು ಬದಲಾಯಿಸ್ಕೋಬೇಕು. ಮಾರಿದವರಿಗೂ ಒಂದು ಕಿವಿಮಾತು, ಆರ್‌ಟಿಒ ದಾಖಲೆಲಿ ಯಾರ ಹೆಸರಿದೆಯೋ ಅವರೇ ಓನರ್, ಎಷ್ಟು ಕೈ ಬದಲಾಗಿದ್ರೂ ಪರಿಹಾರದ ಜವಾಬ್ದಾರಿ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಸ್ಟೆಪ್ 4: ನಿಮಗೇ ಏನಾದ್ರೂ ಆದ್ರೆ?

ಇದು ಯಾರೂ ಯೋಚನೆ ಮಾಡದ ಜಾಗ. ಸಾಮಾನ್ಯವಾಗಿ ಪಾಲಿಸಿಲಿ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ 15 ಲಕ್ಷ ಅಂತ ಇರುತ್ತೆ, ಅದನ್ನ ನೋಡಿ ಓ ಡ್ರೈವರ್‌ಗೆ 15 ಲಕ್ಷ ಇದೆಯಲ್ಲ ಅಂತ ನಿಶ್ಚಿಂತೆ ಆಗ್ಬಿಡ್ತಾರೆ. ಸರಿಯಾಗಿ ಓದಿ, ಅದು ಓನರ್-ಡ್ರೈವರ್‌ಗೆ. ಆರ್‌ಸಿನೂ ಪಾಲಿಸಿನೂ ತನ್ನ ಹೆಸರಲ್ಲಿದ್ದು, ಡಿಎಲ್ಲೂ ಇರೋ ಓನರ್ ಓಡಿಸ್ತಿದ್ರೆ ಅಥವಾ ಕೋ-ಡ್ರೈವರ್ ಆಗಿ ಕೂತಿದ್ರೆ ಅವನಿಗೆ ಸಿಗುತ್ತೆ. ಅಂದ್ರೆ ನೀವು ಓಡಿಸ್ತಿದೀರಾ, ಓನರ್ ಪಕ್ಕದಲ್ಲಿ ಕೋ-ಡ್ರೈವರ್ ಆಗಿ ಕೂತಿದಾನೆ, ಆ್ಯಕ್ಸಿಡೆಂಟ್ ಆಯ್ತು ಅಂದ್ರೆ ಕವರ್ ಅವನಿಗಿದೆ, ನಿಮಗಿಲ್ಲ. ಕಂಪನಿ ಹೆಸರಲ್ಲಿರೋ ಕಾರಾದ್ರೆ ಓನರ್-ಡ್ರೈವರ್ ಅನ್ನೋದೇ ಬರಲ್ಲ.

ಥರ್ಡ್ ಪಾರ್ಟಿಲಿ ಕೇಳೋಣ ಅಂದ್ರೆ ಅಲ್ಲೂ ಬಾಗಿಲು ಮುಚ್ಚಿದೆ. ನಮ್ಮ ಕಡೆಯದ್ದೇ ಕೇಸು, ಇಳಕಲ್‌ನಿಂದ ತನ್ನೂರಿಗೆ ಹೋಗೋಕೆ ಒಬ್ಬರು ಬೇರೆಯವರ ಬೈಕ್ ಕೇಳಿ ತಗೊಂಡು ಹೊರಟಿದ್ರು, ಮುಂದೆ ಕಬ್ಬಿಣದ ಶೀಟ್ ಹೇರ್ಕೊಂಡು ಹೋಗ್ತಿದ್ದ ಎತ್ತಿನಗಾಡಿ ಇದ್ದಕ್ಕಿದ್ದಂಗೆ ನಿಂತ್ಕೊಳ್ತು, ಬೈಕು ಅದಕ್ಕೆ ಬಡಿದು ತೀರ್ಕೊಂಡ್ರು. ಮನೆಯವರು ಬೈಕಿನ ಇನ್ಶೂರೆನ್ಸ್ ಕಂಪನಿ ಮೇಲೆ, ತಪ್ಪು ಯಾರದ್ದು ಅಂತ ನೋಡದೆ ಪರಿಹಾರ ಕೊಡೋಕೆ ಆಗಿದ್ದ 163ಎ ಸೆಕ್ಷನ್ ಅಡಿ ಪರಿಹಾರ ಕೇಳಿದ್ರು. 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಏನಂದ್ರೆ, ಗಾಡಿ ಕೇಳಿ ಪಡ್ಕೊಂಡು ಓಡಿಸ್ತಿರೋನು ಆ ಹೊತ್ತಿಗೆ ಓನರ್ ಜಾಗದಲ್ಲೇ ಇದ್ದಂಗೆ, ಓನರ್ ತನಗೆ ತಾನೇ ಪರಿಹಾರ ಕೊಟ್ಕೊಳ್ಳೋಕೆ ಆಗಲ್ವಲ್ಲ, ಹಾಗಾಗಿ ಆ ಸೆಕ್ಷನ್ ಅಡಿ ಕೊಡೋಕಾಗಲ್ಲ ಅಂತ. ಓದಿದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಲಾಜಿಕ್ ಇದೆ, ಥರ್ಡ್ ಪಾರ್ಟಿ ಅಂದ್ರೆ ಹೊರಗಿನವರು, ಸ್ಟೇರಿಂಗ್ ಹಿಡಿದಿರೋ ನೀವು ಹೊರಗಿನವರಲ್ಲ.

ಎದುರಿಂದ ಬಂದ ಲಾರಿದೇ ತಪ್ಪು ಅಂದ್ರೆ ವಿಷಯ ಬೇರೆ, ಆಗ ಆ ಲಾರಿಯ ಇನ್ಶೂರೆನ್ಸ್ ಮೇಲೆ ನೀವು ಅಥವಾ ಮನೆಯವರು ಕ್ಲೇಮ್ ಹಾಕ್ಬೋದು, ಆರು ತಿಂಗಳೊಳಗೆ ಟ್ರಿಬ್ಯೂನಲ್ಲಿಗೆ ಹೋಗ್ಬೇಕು ಅಂತ ಕಾಯ್ದೆಲಿದೆ. ತೂತು ಇರೋದು ತಪ್ಪು ನಿಮ್ಮದೇ ಆದಾಗ, ನಾಯಿ ಅಡ್ಡ ಬಂದು ಗಾಡಿ ಪಲ್ಟಿ ಆದಾಗ, ಇಂಥ ಕಡೆ.

ಹಾಗಾಗಿ ಆಗಾಗ ಬೇರೆಯವರ ಗಾಡಿ ಓಡಿಸೋರು ತಮ್ಮ ಹೆಸರಲ್ಲೇ ಒಂದು ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಪ್ರತ್ಯೇಕವಾಗಿ ಮಾಡಿಸ್ಕೊಳ್ಳಿ. ಅದು ಯಾವ ಗಾಡಿಗೂ ಅಂಟ್ಕೊಂಡಿರಲ್ಲ, ನಿಮ್ಮ ಜೊತೆ ಬರುತ್ತೆ, ಬಸ್ಸಲ್ಲಿದ್ರೂ ಸರಿ, ನಡ್ಕೊಂಡು ಹೋಗ್ತಿದ್ರೂ ಸರಿ. ಹೆಲ್ತ್ ಇನ್ಶೂರೆನ್ಸ್ ಇದ್ರೆ ಆಸ್ಪತ್ರೆ ಬಿಲ್ ಅದ್ರಲ್ಲಿ ಹೋಗುತ್ತೆ, ಆದ್ರೆ ಕೈ ಕಾಲು ಹೋಗಿ ದುಡಿಮೆ ನಿಂತ್ರೆ ಅದು ಕೊಡಲ್ಲ, ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಬೇಕಾಗೋದು ಅಲ್ಲಿ. ಓನರ್ ಪಾಲಿಸಿಲಿ ಅನ್‌ನೇಮ್ಡ್ ಪ್ಯಾಸೆಂಜರ್ ಕವರ್ (ಹೆಸರು ನಮೂದಿಸದ ಪ್ರಯಾಣಿಕರಿಗೆ ಇರೋದು) ಇದೆ ಅಂತ ಯಾರಾದ್ರೂ ಹೇಳಿದ್ರೆ, ಸಂಬಳ ಇಲ್ಲದೆ ಓಡಿಸ್ತಿರೋ ಗೆಳೆಯನಿಗೂ ಅದು ಬರುತ್ತಾ ಅಂತ ಕಂಪನಿಗೆ ಮೇಲ್ ಹಾಕಿ ಲಿಖಿತವಾಗಿ ಉತ್ತರ ತಗೊಳ್ಳಿ, ಏಜೆಂಟ್ ಫೋನಲ್ಲಿ ಹೂಂ ಅಂದಿದ್ದು ಕ್ಲೇಮ್ ಟೈಮಲ್ಲಿ ಲೆಕ್ಕಕ್ಕಿಲ್ಲ.

ಹಿಂದಿನ ಸೀಟಲ್ಲಿ ಕೂತಿರೋ ಗೆಳೆಯರು? ಪ್ಯಾಕೇಜ್ ಪಾಲಿಸಿ ಆಗಿದ್ರೆ ಅವರಿಗೆ ಆಗೋ ಗಾಯಕ್ಕೆ ಕಂಪನಿ ಜವಾಬ್ದಾರಿ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ರೆ ಪ್ರೈವೇಟ್ ಕಾರಲ್ಲಿ ಸುಮ್ನೆ ಕೂತ್ಕೊಂಡು ಬಂದವರಿಗೆ ಕವರ್ ಇಲ್ಲ ಅಂತ ಕಂಪನಿಗಳು ಕೋರ್ಟಲ್ಲಿ ವಾದ ಮಾಡಿ ಗೆದ್ದಿರೋದುಂಟು. ಐದು ಜನ ತುಂಬ್ಕೊಂಡು ಹೋಗೋ ಮುಂಚೆ ಇದು ನೆನಪಿರ್ಲಿ.

ಸ್ಟೆಪ್ 5: ದುಡ್ಡಿನ ಮಾತು ಕೀ ತಗೊಳ್ಳೋಕೆ ಮುಂಚೆ ಆಡಿ

ಕ್ಲೇಮ್ ಪಾಸ್ ಆದ್ರೂ ಪೂರ್ತಿ ದುಡ್ಡು ಬರಲ್ಲ. ಕಂಪಲ್ಸರಿ ಡಿಡಕ್ಟಿಬಲ್ ಅಂತ 1500 ಸಿಸಿ ತನಕದ ಕಾರಿಗೆ 1000, ಅದಕ್ಕಿಂತ ಮೇಲೆ 2000 ಮುರ್ಕೋತಾರೆ. ಝೀರೋ ಡೆಪ್ (ಸವಕಳಿ ಮುರ್ಕೊಳ್ಳದ ಕವರ್) ಇಲ್ಲ ಅಂದ್ರೆ ಬಂಪರ್ ಥರದ ಪ್ಲಾಸ್ಟಿಕ್, ರಬ್ಬರ್ ಬಿಡಿಭಾಗಗಳಿಗೆ ಅರ್ಧಕ್ಕರ್ಧ ಕಟ್. ಇದನ್ನ ಯಾರು ಕೊಡ್ಬೇಕು? ನನ್ನ ಕೇಳಿದ್ರೆ ಓಡಿಸಿದವರೇ.

ಯಾರೂ ಲೆಕ್ಕ ಹಾಕದ ನಷ್ಟ ಎನ್‌ಸಿಬಿದು, ಅಂದ್ರೆ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದೆ ಹೋದ್ರೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ 20, 25, 35, 45, 50 ಪರ್ಸೆಂಟ್ ಅಂತ ವರ್ಷ ವರ್ಷ ಡಿಸ್ಕೌಂಟ್ ಏರುತ್ತೆ, ನೀವು ಗುದ್ದಿ ಓನರ್ ಕ್ಲೇಮ್ ಮಾಡಿದ್ರೆ ಅದು ಸೊನ್ನೆಗೆ ಬರುತ್ತೆ. ಲೆಕ್ಕ ನೋಡಿ, ಓನ್ ಡ್ಯಾಮೇಜ್ ಪ್ರೀಮಿಯಂ 10,000 ಇದೆ, ಅವನು 50 ಪರ್ಸೆಂಟಲ್ಲಿದಾನೆ ಅನ್ಕೊಳ್ಳೋಣ, ಅಂದ್ರೆ 5000 ಕಟ್ತಿದ್ದ. ಕ್ಲೇಮ್ ಆದ್ಮೇಲೆ ಮೊದಲ ರಿನ್ಯೂವಲ್‌ಗೆ 5000 ಜಾಸ್ತಿ, ಆಮೇಲೆ 3000, 2500, 1500, 500, ಹೀಗೆ ಮತ್ತೆ 50ಕ್ಕೆ ಏರೋ ಹೊತ್ತಿಗೆ 12,500 ರೂಪಾಯಿ ಅವನ ಕೈಯಿಂದ ಹೋಗಿರುತ್ತೆ. ಎನ್‌ಸಿಬಿ ಪ್ರೊಟೆಕ್ಟ್ ಆ್ಯಡ್-ಆನ್ ಇದ್ರೆ ಬೇರೆ ಮಾತು. ಹಾಗಾಗಿ ರಿಪೇರಿ ಎಂಟ್ಹತ್ತು ಸಾವಿರದ ಒಳಗೆ ಇದ್ರೆ ಕ್ಲೇಮ್ ಮಾಡೋದೇ ದಂಡ, ನೀವೇ ಗ್ಯಾರೇಜಿಗೆ ಕೊಟ್ಟು ಸರಿ ಮಾಡಿಸಿಕೊಡಿ.

ಸ್ಟೆಪ್ 6: ಆ್ಯಕ್ಸಿಡೆಂಟ್ ಆಗೇ ಹೋಯ್ತು ಅಂದ್ರೆ

ಗಾಯ ಆದವರನ್ನ ಆಸ್ಪತ್ರೆಗೆ ಸೇರಿಸೋದು ಮೊದಲು, ಸೆಕ್ಷನ್ 134 ಪ್ರಕಾರನೂ ಅದೇ ಮೊದಲ ಕರ್ತವ್ಯ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸ್ಬೇಕು, ಇನ್ಶೂರೆನ್ಸ್ ಕಂಪನಿಗೂ ತಿಳಿಸ್ಬೇಕು. ಗಾಡಿ ಜರುಗಿಸೋಕೆ ಮುಂಚೆ ಫೋಟೋ ತೆಗೀರಿ. ಓನರ್‌ಗೆ ತಕ್ಷಣ ಫೋನ್ ಮಾಡಿ, ಯಾಕಂದ್ರೆ ಕ್ಲೇಮ್ ಹಾಕೋನು ಅವನು, ಫಾರ್ಮಿಗೆ ಸೈನ್ ಅವನದ್ದು, ಡಿಎಲ್ ಕಾಪಿ ನಿಮ್ಮದು. ಹಾನಿ ಲೆಕ್ಕ ಹಾಕೋ ಸರ್ವೇಯರ್ ಬಂದು ನೋಡೋ ತನಕ ರಿಪೇರಿ ಶುರು ಮಾಡಿಸ್ಬೇಡಿ.

ಇಲ್ಲೊಂದು ಐಡಿಯಾ ಯಾರಾದ್ರೂ ಕೊಟ್ಟೇ ಕೊಡ್ತಾರೆ, "ಓನರೇ ಓಡಿಸ್ತಿದ್ದ ಅಂತ ಬರೀರಿ, ಸಲೀಸಾಗುತ್ತೆ" ಅಂತ. ಬರೀಬೇಡಿ. ನಿಮ್ಮ ಹತ್ರ ಡಿಎಲ್ ಇದ್ರೆ ನೀವು ಓಡಿಸ್ತಿದ್ದಿದ್ದಕ್ಕೇ ಕವರ್ ಇದೆ, ಸುಳ್ಳು ಹೇಳೋ ಅಗತ್ಯಾನೇ ಇಲ್ಲ. ಹೇಳಿದ್ರೆ ಸಿಸಿಟಿವಿ, ಎಫ್‌ಐಆರ್, ಆಸ್ಪತ್ರೆ ದಾಖಲೆ ಎಲ್ಲಾದ್ರೂ ಒಂದ್ಕಡೆ ಹೆಸರು ತಾಳೆ ಆಗದೆ ಪಾಸ್ ಆಗ್ಬೇಕಿದ್ದ ಕ್ಲೇಮೇ ಹೋಗುತ್ತೆ. ಪೊಲೀಸರು ಕೇಳಿದ್ರೆ ಯಾರು ಓಡಿಸ್ತಿದ್ರು ಅಂತ ಹೇಳೋದು ಸೆಕ್ಷನ್ 133ರಲ್ಲಿ ಓನರ್ ಮೇಲಿರೋ ಬಾಧ್ಯತೆ ಕೂಡ.

ಇನ್ನೊಂದು, ಕ್ರಿಮಿನಲ್ ಕೇಸು ಇನ್ಶೂರೆನ್ಸಿಗೆ ಸಂಬಂಧ ಇಲ್ಲದ್ದು. ನಿರ್ಲಕ್ಷ್ಯದಿಂದ ಸಾವು ಅಂತಾದ್ರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, 5 ವರ್ಷದ ತನಕ ಶಿಕ್ಷೆ, ಮೊದಲು ಐಪಿಸಿ 304ಎ ಇದ್ದಾಗ 2 ವರ್ಷ ಇತ್ತು. ಅದು ಓಡಿಸಿದವರ ಮೇಲೆ. ಪರಿಹಾರದ ಕೇಸಲ್ಲಿ ಡ್ರೈವರ್, ಓನರ್, ಕಂಪನಿ ಮೂವರನ್ನೂ ಪಾರ್ಟಿ ಮಾಡ್ತಾರೆ, ನೋಟಿಸ್ ಬಂದ್ರೆ ಕಂಪನಿ ನೋಡ್ಕೊಳ್ಳುತ್ತೆ ಅಂತ ಮಡಚಿ ಇಡ್ಬೇಡಿ, ನೀವೂ ಹಾಜರಾಗಿ ಡಿಎಲ್ ಹಾಜರುಪಡಿಸ್ಬೇಕು, ಇಲ್ಲ ಅಂದ್ರೆ ಲೈಸೆನ್ಸೇ ಇರ್ಲಿಲ್ಲ ಅಂತ ಕಂಪನಿ ವಾದ ಮಾಡೋಕೆ ದಾರಿ ಆಗುತ್ತೆ.

ಎಲ್ಲಾ ಸರಿ ಇದ್ದೂ "ಓನರ್ ಓಡಿಸ್ತಿರ್ಲಿಲ್ಲ" ಅನ್ನೋ ಒಂದೇ ಕಾರಣಕ್ಕೆ ಓನ್ ಡ್ಯಾಮೇಜ್ ರಿಜೆಕ್ಟ್ ಮಾಡಿದ್ರೆ ಡ್ರೈವರ್ ಕ್ಲಾಝ್ ಸಾಲನ್ನೇ ಕೋಟ್ ಮಾಡಿ ಕಂಪನಿಯ ಗ್ರೀವೆನ್ಸ್ (ದೂರು) ವಿಭಾಗಕ್ಕೆ ಓನರ್ ಕೈಲಿ ಬರೆಸಿ. ಒಂದು ತಿಂಗಳಲ್ಲಿ ಉತ್ತರ ಬರದೇ ಇದ್ರೆ ಅಥವಾ ಮತ್ತೆ ರಿಜೆಕ್ಟ್ ಆದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ದೂರು ಬಗೆಹರಿಸೋ ಅಧಿಕಾರಿ) ಒಂದು ವರ್ಷದೊಳಗೆ ದೂರು ಕೊಡ್ಬೋದು, ಕರ್ನಾಟಕದವರಿಗೆ ಆಫೀಸು ಬೆಂಗಳೂರಲ್ಲೇ ಇದೆ, ಫೀಸಿಲ್ಲ, ಲಾಯರ್ ಬೇಡ, 50 ಲಕ್ಷದ ತನಕದ ಕ್ಲೇಮ್ ನೋಡ್ತಾರೆ. ದೂರು ಓನರ್ ಹೆಸರಲ್ಲೇ ಹೋಗ್ಬೇಕು, ಓಡಾಟ ಮಾತ್ರ ನೀವು ಮಾಡಿ, ಕಾರು ಜಖಂ ಮಾಡಿದ್ದು ನೀವೇ ಅಲ್ವಾ.